ಕ್ಯಾನ್ಸರ್ ಕೋಶಗಳ ಮೇಲೆ ಆರ್ಸೆನಿಕ್‌ನ ವಿಷಪರಿಣಾಮ ಅಳೆಯುವುದು ಹೇಗೆ: ತೂಕದ ತಟ್ಟೆಯಿಂದ ಐಸಿ50 ತನಕ

"10 ಮೈಕ್ರೋಮೋಲಾರ್ ಆರ್ಸೆನಿಕ್ ಹಾಕಿದಾಗ ಕೋಶಗಳು ಸತ್ತವು" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಆರ್ಸೆನಿಕ್? ಅಣುವಿನ ಲೆಕ್ಕವೋ ಪರಮಾಣುವಿನ ಲೆಕ್ಕವೋ? ಎಷ್ಟು ಗಂಟೆ? ಯಾವ ಮೀಡಿಯಂ? ಸತ್ತವು ಎಂದು ಗೊತ್ತಾದದ್ದು ಹೇಗೆ? ಇವಿಷ್ಟಕ್ಕೂ ಉತ್ತರ ಇದ್ದಾಗ ಮಾತ್ರ ಆ 10 ಎಂಬ ಅಂಕಿಗೆ ಬೆಲೆ. ಕೋಶ ಕೃಷಿಯ ಮೂಲ ಕೆಲಸ ಗೊತ್ತಿದ್ದು, ಆರ್ಸೆನಿಕ್ ಅನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುತ್ತಿರುವವರಿಗಾಗಿ ಇಡೀ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದೆ.

ಆರ್ಸೆನಿಕ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 1ನೇ ಗುಂಪಿನಲ್ಲಿಟ್ಟಿದೆ. ಅದೇ ಆರ್ಸೆನಿಕ್ ಔಷಧವೂ ಹೌದು. 1786ರಲ್ಲಿ ಥಾಮಸ್ ಫೌಲರ್ ಪ್ರಕಟಿಸಿದ ಪೊಟ್ಯಾಸಿಯಂ ಆರ್ಸೆನೈಟ್ ದ್ರಾವಣವನ್ನು 19ನೇ ಶತಮಾನದಲ್ಲಿ ರಕ್ತ ಕ್ಯಾನ್ಸರಿಗೆ ಕೊಡುತ್ತಿದ್ದರು. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಗಾರರು ಆರ್ಸೆನಿಕ್ ಟ್ರೈಆಕ್ಸೈಡನ್ನು ಲ್ಯುಕೇಮಿಯಾ ರೋಗಿಗಳಲ್ಲಿ ಬಳಸಿದರು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾಕ್ಕೆ ಅದನ್ನು ಒಪ್ಪಿದರು. ವಿಷವೂ ಮದ್ದೂ ಒಂದೇ ವಸ್ತುವಾದ್ದರಿಂದ ಪ್ರಮಾಣದ ಲೆಕ್ಕ ಇಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು.

ಯಾವ ಆರ್ಸೆನಿಕ್, ಎಷ್ಟು ಆರ್ಸೆನಿಕ್

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು. ಮೊದಲನೆಯದು ಆರ್ಸೆನಿಕ್ ಟ್ರೈಆಕ್ಸೈಡ್, ಅಂದರೆ ಶಂಖಪಾಷಾಣ, ಅಣುತೂಕ 197.84. ಎರಡನೆಯದು ಸೋಡಿಯಂ ಆರ್ಸೆನೈಟ್, ಅಣುತೂಕ 129.91. ಇವೆರಡರಲ್ಲೂ ಇರುವುದು ತ್ರಿವೇಲನ್ಸಿ ಆರ್ಸೆನಿಕ್. ಮೂರನೆಯದಾದ ಸೋಡಿಯಂ ಆರ್ಸೆನೇಟ್‌ನಲ್ಲಿರುವುದು ಪಂಚವೇಲನ್ಸಿ ರೂಪ.

ಟ್ರೈಆಕ್ಸೈಡಿನ ಒಂದು ಅಣುವಿನಲ್ಲಿ ಎರಡು ಆರ್ಸೆನಿಕ್ ಪರಮಾಣುಗಳಿವೆ, ಆರ್ಸೆನೈಟಿನಲ್ಲಿ ಒಂದೇ. 5 ಮೈಕ್ರೋಮೋಲಾರ್ ಟ್ರೈಆಕ್ಸೈಡ್ ಎಂದರೆ ಕೋಶಕ್ಕೆ ಸಿಗುವುದು 10 ಮೈಕ್ರೋಮೋಲಾರ್ ಆರ್ಸೆನಿಕ್. ಎರಡು ವರದಿಗಳ ಐಸಿ50 (ಕೋಶಗಳ ಓದನ್ನು ಅರ್ಧಕ್ಕಿಳಿಸುವ ಪ್ರಮಾಣ) ಸರಿಯಾಗಿ ಎರಡು ಪಟ್ಟು ಬೇರೆಯಾಗಿದ್ದರೆ, ಕೋಶಗಳನ್ನು ದೂರುವ ಮೊದಲು ಈ ಲೆಕ್ಕವನ್ನು ನೋಡಿ.

ರೂಪ ಬದಲಾದರೆ ಕೋಶದೊಳಗೆ ಹೋಗುವ ದಾರಿಯೂ ಬದಲಾಗುತ್ತದೆ. ದೇಹದ ಪಿಎಚ್‌ನಲ್ಲಿ ತ್ರಿವೇಲನ್ಸಿ ಆರ್ಸೆನಿಕ್ ಬಹುಪಾಲು ವಿದ್ಯುದಾವೇಶವಿಲ್ಲದ ಆರ್ಸೀನಿಯಸ್ ಆಮ್ಲವಾಗಿರುತ್ತದೆ. ಗ್ಲಿಸರಾಲ್ ಹಾದುಹೋಗುವ ಅಕ್ವಾಪೋರಿನ್ 9ರಂಥ ನಾಳಗಳ ಮೂಲಕ ಸಲೀಸಾಗಿ ಒಳನುಗ್ಗುತ್ತದೆ. ಆರ್ಸೆನೇಟ್ ಫಾಸ್ಫೇಟಿನ ವೇಷದಲ್ಲಿ ಫಾಸ್ಫೇಟ್ ಸಾಗಣೆಯ ಪ್ರೋಟೀನುಗಳನ್ನು ಹಿಡಿದು ಹೋಗಬೇಕು. ಆರ್‌ಪಿಎಂಐ-1640 ಮೀಡಿಯಂನಲ್ಲಿ ಫಾಸ್ಫೇಟ್ ಸುಮಾರು 5.6 ಮಿಲಿಮೋಲಾರ್, ಡಿಎಂಇಎಂನಲ್ಲಿ ಸುಮಾರು 0.9. ಹಾಗಾಗಿ ಮೀಡಿಯಂ ಬದಲಿಸಿದರೆ ಆರ್ಸೆನೇಟಿನ ಫಲಿತಾಂಶವೂ ಬದಲಾಗಬಹುದು. ಮೊದಲ ಪ್ರಯೋಗಕ್ಕೆ ಆರ್ಸೆನಿಕ್ ಟ್ರೈಆಕ್ಸೈಡನ್ನೇ ಆರಿಸಿಕೊಳ್ಳಿ. ಹೋಲಿಸಿ ನೋಡಲು ಹಳೆಯ ಮಾಹಿತಿ ಧಾರಾಳವಾಗಿದೆ.

ತೂಗುವ ಮೊದಲು

ಬಿಳಿ ಪುಡಿ, ವಾಸನೆಯಿಲ್ಲ, ಚೆಲ್ಲಿದರೆ ಉಪ್ಪಿನಂತೆ ಕಾಣುತ್ತದೆ. ಅಪಾಯ ಇರುವುದು ಅಲ್ಲೇ. ಫ್ಯೂಮ್ ಹುಡ್‌ನಲ್ಲೇ ತೂಗಿ. ಎರಡು ಜೊತೆ ನೈಟ್ರೈಲ್ ಕೈಗವಸು, ಕನ್ನಡಕ, ಉದ್ದ ತೋಳಿನ ಕೋಟು, ಧೂಳು ತಡೆಯುವ ಮುಖಗವಸು ಇರಲಿ. ಅಡಿಗೆ ಒಂದು ಹೀರುಕಾಗದ ಹಾಸಿ, ಕೆಲಸ ಮುಗಿದ ಮೇಲೆ ಅದನ್ನೂ ಆರ್ಸೆನಿಕ್ ಕಸವೆಂದೇ ಎತ್ತಿಡಿ. ಬಸುರಿಯರು ಈ ಹಂತಕ್ಕೆ ಕೈ ಹಾಕದಿರಲಿ. ಆಮ್ಲದಲ್ಲಿರುವ ಆರ್ಸೆನಿಕ್ ದ್ರಾವಣಕ್ಕೆ ಸತು, ಅಲ್ಯೂಮಿನಿಯಂ ಮುಂತಾದ ಲೋಹ ಎಂದಿಗೂ ತಾಗಬಾರದು: ಹೊಮ್ಮುವ ಆರ್ಸೀನ್ ಅನಿಲ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಪುಡಿಯನ್ನು ಕಾಗದದ ಮೇಲೆ ತೂಗಿ ಆಮೇಲೆ ಸುರಿಯಬೇಡಿ. ಮುಚ್ಚಳವಿರುವ 15 ಮಿ.ಲೀ. ಟ್ಯೂಬಿನ ತೂಕವನ್ನು ಸೊನ್ನೆ ಮಾಡಿ ನೇರ ಅದರೊಳಕ್ಕೇ ಹಾಕಿ. 19.8 ಮಿ.ಗ್ರಾಂ. ಬೇಕೆಂದು ಚಮಚದಲ್ಲಿ ಹಾಕುತ್ತ ತೆಗೆಯುತ್ತ ಕೂರಬೇಡಿ. ಪುಡಿ ಹಾರುವುದು ಆಗಲೇ. ಬಿದ್ದಷ್ಟು ಬೀಳಲಿ, ದ್ರವವನ್ನು ಅದಕ್ಕೆ ಹೊಂದಿಸಿ. 21.3 ಮಿ.ಗ್ರಾಂ. ಬಿತ್ತೆನ್ನಿ: 21.3 ಅನ್ನು 1.978ರಿಂದ ಭಾಗಿಸಿ, 10.77 ಮಿ.ಲೀ. ಮಾಡಿದರೆ 10 ಮಿಲಿಮೋಲಾರ್ ಆಯಿತು.

10 ಮಿಲಿಮೋಲಾರ್ ಸ್ಟಾಕ್

ಟ್ರೈಆಕ್ಸೈಡ್ ನೀರಿನಲ್ಲಿ ಬಹಳ ನಿಧಾನವಾಗಿ ಕರಗುತ್ತದೆ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಚೆನ್ನಾಗಿ ಕರಗುವುದಿಲ್ಲ. ಕ್ಷಾರ ಕೊಟ್ಟರೆ ಮಾತ್ರ ಬೇಗ ಬಗ್ಗುತ್ತದೆ. 19.8 ಮಿ.ಗ್ರಾಂ.ಗೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ. ಹಾಕಿ, ಮುಚ್ಚಿ, ಕಣವೊಂದೂ ಕಾಣದಷ್ಟು ತಿಳಿಯಾಗುವ ತನಕ ಅಲುಗಾಡಿಸಿ. ಬೆಳಕಿಗೆ ಹಿಡಿದು ತಳ ನೋಡಿ: ಸಣ್ಣ ಹರಳೊಂದು ಉಳಿದರೂ ಮುಂದಿನ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಬಳಿಕ 7 ಮಿ.ಲೀ. ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರಿನ ಬಫರ್) ಸೇರಿಸಿ. ಆಮೇಲೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೊದಲು 0.9 ಮಿ.ಲೀ., ಅಲ್ಲಿಂದ ಹನಿಹನಿಯಾಗಿ ಹಾಕುತ್ತ ಪಿಎಚ್ 7.2ರಿಂದ 7.4ಕ್ಕೆ ತನ್ನಿ. ಹಾಕಿದ ಕ್ಷಾರದಷ್ಟೇ ಆಮ್ಲ ಬೇಕಾಗುತ್ತದೆ. ಪಿಎಚ್ ಮೀಟರಿನ ಎಲೆಕ್ಟ್ರೋಡ್ ಅದ್ದಬೇಡಿ. 2 ಮೈಕ್ರೋಲೀಟರನ್ನು ಪಿಎಚ್ ಪಟ್ಟಿಯ ಮೇಲಿಟ್ಟರೆ ಸಾಕು. ಪಿಬಿಎಸ್‌ನಿಂದ 10 ಮಿ.ಲೀ.ಗೆ ತುಂಬಿಸಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸಣ್ಣ ಪಾಲುಗಳಾಗಿ ಹಂಚಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಒಂದು ಪಾಲನ್ನು ಒಮ್ಮೆ ಕರಗಿಸಿದರೆ ಅವತ್ತಿಗೇ ಮುಗಿಸಿ. ತ್ರಿವೇಲನ್ಸಿ ರೂಪ ಗಾಳಿಯಲ್ಲಿ ನಿಧಾನವಾಗಿ ಪಂಚವೇಲನ್ಸಿಗೆ ತಿರುಗುವುದರಿಂದ ತಿಂಗಳಿಗೊಮ್ಮೆ ಹೊಸದು ಮಾಡಿ.

ಅದೇ ಹೊತ್ತಿಗೆ ಆರ್ಸೆನಿಕ್ ಇಲ್ಲದ ಇನ್ನೊಂದು ಟ್ಯೂಬನ್ನೂ ಮಾಡಿ: ಅಷ್ಟೇ ಕ್ಷಾರ, ಅಷ್ಟೇ ಆಮ್ಲ, ಅಷ್ಟೇ ಪಿಬಿಎಸ್. ಇದು ವೆಹಿಕಲ್ ಕಂಟ್ರೋಲ್. ಇದನ್ನು ಬಿಟ್ಟರೆ, ಪಿಎಚ್ ಎಡವಿದ್ದರಿಂದ ಸತ್ತ ಕೋಶಗಳೂ ಆರ್ಸೆನಿಕ್‌ನ ಲೆಕ್ಕಕ್ಕೆ ಸೇರಿಹೋಗುತ್ತವೆ.

ಚುಚ್ಚುಮದ್ದಿನ ವಯಲ್‌ನಿಂದ ಕೆಲಸ ಮಾಡುವವರು ಲೇಬಲ್ ಓದಿ. ಮಿ.ಲೀ.ಗೆ 1 ಮಿ.ಗ್ರಾಂ. ಇದ್ದರೆ ಅದು 5.05 ಮಿಲಿಮೋಲಾರ್, 2 ಮಿ.ಗ್ರಾಂ. ಇರುವುದೂ ಬರುತ್ತದೆ.

ಕೋಶಗಳ ಆಯ್ಕೆ

ಒಂದೇ ಸೆಲ್ ಲೈನ್ ಇಟ್ಟುಕೊಂಡು "ಕ್ಯಾನ್ಸರ್ ಕೋಶಗಳು" ಎಂದು ಮಾತಾಡಬೇಡಿ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದ ಎನ್‌ಬಿ4 ಕೋಶಗಳಲ್ಲಿ ಪಿಎಂಎಲ್-ರಾರ್‌ಆಲ್ಫಾ ಎಂಬ ಬೆಸೆದ ಪ್ರೋಟೀನ್ ಇದೆ. ಆರ್ಸೆನಿಕ್ ಅದರ ಪಿಎಂಎಲ್ ಭಾಗದ ಸಿಸ್ಟೀನ್‌ಗಳನ್ನು ನೇರವಾಗಿ ಹಿಡಿಯುತ್ತದೆ; ಆಮೇಲೆ ಸೂಮೋ ಎಂಬ ಗುರುತು ಅಂಟಿ, ಆರ್‌ಎನ್‌ಎಫ್4 ಎಂಬ ಕಿಣ್ವ ಯುಬಿಕ್ವಿಟಿನ್ ಸೇರಿಸಿ, ಪ್ರೋಟೀನ್ ಪ್ರೋಟಿಯಾಸೋಮ್‌ನಲ್ಲಿ ಪುಡಿಯಾಗುತ್ತದೆ. ಹಾಗಾಗಿ ಎನ್‌ಬಿ4 1 ಮೈಕ್ರೋಮೋಲಾರ್ ಆಸುಪಾಸಿನಲ್ಲೇ ಕುಸಿಯುತ್ತದೆ. ಅದಕ್ಕೂ ಕಡಿಮೆ, 0.1ರಿಂದ 0.5ರೊಳಗೆ, ಸಾಯುವ ಬದಲು ಅರೆಬರೆ ಪಕ್ವವಾಗುತ್ತದೆ. ಇನ್ನೊಂದು ಲ್ಯುಕೇಮಿಯಾ ಲೈನ್ ಎಚ್‌ಎಲ್-60ರಲ್ಲಿ ಈ ಬೆಸೆದ ಪ್ರೋಟೀನ್ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆ ಪ್ರೋಟೀನಿಗೇ ಬೀಳುವ ಪೆಟ್ಟು ಯಾವುದು, ಎಲ್ಲ ಕೋಶಗಳಿಗೂ ಬೀಳುವ ಪೆಟ್ಟು ಯಾವುದು ಎಂದು ಬೇರ್ಪಡಿಸಬಹುದು. ಗಡ್ಡೆಯ ಕ್ಯಾನ್ಸರಿಗೆ ಯಕೃತ್ತಿನ ಹೆಪ್‌ಜಿ2 ಅಥವಾ ಶ್ವಾಸಕೋಶದ ಎ549 ಸೇರಿಸಿ. ಇವಕ್ಕೆ ಎನ್‌ಬಿ4ಕ್ಕಿಂತ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ಕ್ಯಾನ್ಸರ್ ಅಲ್ಲದ ಕೋಶವೊಂದು ಜೊತೆಯಲ್ಲಿ ಇರಲೇಬೇಕು. ಅದಿಲ್ಲದೆ "ಕ್ಯಾನ್ಸರ್ ಕೋಶಗಳನ್ನು ಆರಿಸಿ ಕೊಲ್ಲುತ್ತದೆ" ಎನ್ನಲು ಆಧಾರವಿಲ್ಲ.

ಹೋಲಿಸುವ ಲೈನ್‌ಗಳಿಗೆ ಸಾಧ್ಯವಾದಷ್ಟೂ ಒಂದೇ ಮೀಡಿಯಂ, ಒಂದೇ ಲಾಟ್‌ನ ಸೀರಮ್ ಕೊಡಿ. ಸೀರಮ್ ಪ್ರೋಟೀನುಗಳ ಥಯೋಲ್ (ಗಂಧಕವಿರುವ) ಗುಂಪುಗಳು ಆರ್ಸೆನಿಕ್ ಹಿಡಿದಿಟ್ಟುಕೊಳ್ಳುತ್ತವೆ. ಆರ್‌ಪಿಎಂಐ-1640ರಲ್ಲಿ ಲೀಟರಿಗೆ 1 ಮಿ.ಗ್ರಾಂ. ಗ್ಲುಟಾಥಯೋನ್ ಎಂಬ ಥಯೋಲ್ ಬೇರೆ ಇದೆ. 10 ಶೇಕಡಾ ಸೀರಮ್‌ನಿಂದ 2ಕ್ಕೆ ಇಳಿಸಿದರೆ ಅದೇ ಡೋಸ್ ಹೆಚ್ಚು ಕಠೋರವಾಗಿ ಕಂಡೀತು. ಶುರು ಮಾಡುವ ಮೊದಲು ಮೈಕೋಪ್ಲಾಸ್ಮಾ ಪರೀಕ್ಷೆ ಆಗಿರಲಿ, ಲೈನ್‌ನ ಗುರುತು ಎಸ್‌ಟಿಆರ್ ಎಂಬ ಡಿಎನ್‌ಎ ವಿಧಾನದಲ್ಲಿ ಖಚಿತವಾಗಿರಲಿ.

ಪ್ಲೇಟ್ ಹಾಕುವುದು

96 ವೆಲ್‌ಗಳ ಚಪ್ಪಟೆ ತಳದ ಪ್ಲೇಟಿನಲ್ಲಿ ಅಂಚಿನ 36 ವೆಲ್‌ಗಳನ್ನು ಬಿಟ್ಟುಬಿಡಿ. ಅಲ್ಲಿ ನೀರು ಬೇಗ ಆರಿ, ಔಷಧ ಗಟ್ಟಿಯಾಗಿ, ಸಾವು ಜಾಸ್ತಿ ಕಾಣುತ್ತದೆ. ಅವಕ್ಕೆ ಪಿಬಿಎಸ್ ತುಂಬಿಸಿ. ಒಳಗಿನ 60ರಲ್ಲಿ ಹತ್ತು ಕಂಬಸಾಲು, ಪ್ರತಿಯೊಂದರಲ್ಲಿ ಆರು ವೆಲ್. ಮೊದಲ ಸಾಲು ಕೋಶಗಳಿಲ್ಲದ ಬ್ಲಾಂಕ್: ಮೂರರಲ್ಲಿ ಬರೀ ಮೀಡಿಯಂ, ಮೂರರಲ್ಲಿ ಮೀಡಿಯಂ ಜೊತೆಗೆ ಅತಿ ಹೆಚ್ಚಿನ ಡೋಸ್. ಎರಡನೆಯದು ಏನೂ ಹಾಕದ ಕೋಶಗಳು, ಮೂರನೆಯದು ವೆಹಿಕಲ್, ಉಳಿದ ಏಳು ಸಾಲು ಏಳು ಡೋಸ್.

ಹೆಪ್‌ಜಿ2 ಆದರೆ ಮಿ.ಲೀ.ಗೆ 80,000 ಕೋಶಗಳಿರುವ ದ್ರವ ವೆಲ್‌ಗೆ 100 ಮೈಕ್ರೋಲೀಟರ್, ಅಂದರೆ 8,000 ಕೋಶ. 24 ಗಂಟೆ ಅಂಟಿಕೊಳ್ಳಲು ಬಿಡಿ. ಎಚ್‌ಎಲ್-60, ಎನ್‌ಬಿ4 ತೇಲುವ ಕೋಶಗಳು; ಅವಕ್ಕೆ ಮಿ.ಲೀ.ಗೆ 4 ಲಕ್ಷದಂತೆ 50 ಮೈಕ್ರೋಲೀಟರ್, ಅಂದರೆ 20,000. ಮುಂದೆ ಹೇಳುವ ಔಷಧದ ಮತ್ತು ಎಂಟಿಟಿಯ (ಬದುಕಿರುವ ಕೋಶಗಳಲ್ಲಿ ನೇರಳೆಯಾಗುವ ಹಳದಿ ಬಣ್ಣ) ಮೈಕ್ರೋಲೀಟರ್‌ಗಳನ್ನೂ ಅರ್ಧಕ್ಕಿಳಿಸಿ. ಕೋಶ ತುಂಬುವಾಗ ನಾಲ್ಕೈದು ವೆಲ್‌ಗೊಮ್ಮೆ ಟ್ಯೂಬನ್ನು ತಿರುಗಿಸುತ್ತಿರಿ. ಇಲ್ಲದಿದ್ದರೆ ಕೋಶಗಳು ತಳಕ್ಕಿಳಿದು, ಮೊದಲ ಸಾಲಿಗೂ ಕೊನೆಯ ಸಾಲಿಗೂ ಇರುವ ವ್ಯತ್ಯಾಸವೇ ಡೋಸ್‌ನ ಪರಿಣಾಮದಂತೆ ತೋರುತ್ತದೆ.

ಡೋಸ್‌ಗಳನ್ನು ಎರಡು ಪಟ್ಟು ಗಟ್ಟಿಯಾಗಿ ಮಾಡಿಕೊಳ್ಳಿ, ವೆಲ್‌ನಲ್ಲಿ ಅರ್ಧವಾಗುತ್ತದೆ. 1,960 ಮೈಕ್ರೋಲೀಟರ್ ಮೀಡಿಯಂಗೆ 40 ಮೈಕ್ರೋಲೀಟರ್ ಸ್ಟಾಕ್ ಹಾಕಿದರೆ 200 ಮೈಕ್ರೋಮೋಲಾರ್. ಅದರಿಂದ 632 ಮೈಕ್ರೋಲೀಟರ್ ತೆಗೆದು 1,368 ಮೈಕ್ರೋಲೀಟರ್ ಮೀಡಿಯಂ ಇರುವ ಮುಂದಿನ ಟ್ಯೂಬಿಗೆ ಹಾಕಿ, ಕಲಕಿ, ಹೊಸ ಟಿಪ್ ಹಾಕಿಕೊಂಡು ಹಾಗೇ ಕೆಳಗಿಳಿಯಿರಿ. ವೆಲ್‌ನಲ್ಲಿ ಕೊನೆಗೆ ಸಿಗುವುದು 100, 31.6, 10, 3.16, 1, 0.316, 0.1 ಮೈಕ್ರೋಮೋಲಾರ್. ವೆಹಿಕಲ್ ಟ್ಯೂಬಿಗೂ ಅತಿ ಹೆಚ್ಚಿನ ಡೋಸ್‌ನಷ್ಟೇ, ಅಂದರೆ 1,960ಕ್ಕೆ 40, ಹಾಕಿ. ಟಿಪ್ ಬದಲಿಸದಿದ್ದರೆ ಗೋಡೆಗಂಟಿದ ಹನಿ ಕೆಳಗಿನ ಡೋಸ್‌ಗಳಿಗೆಲ್ಲ ಹರಡಿ, 0.1ರಲ್ಲೂ ಸಾವು ಕಂಡು ಗಾಬರಿಯಾಗುತ್ತದೆ.

ಪ್ರತಿ ವೆಲ್‌ಗೆ ಔಷಧ 100 ಮೈಕ್ರೋಲೀಟರ್ ಹಾಕಿ, 37 ಡಿಗ್ರಿ, 5 ಶೇಕಡಾ ಇಂಗಾಲದ ಡೈಆಕ್ಸೈಡಿನಲ್ಲಿಡಿ. 24, 48, 72 ಗಂಟೆಗಳಿಗೆ ಬೇರೆಬೇರೆ ಪ್ಲೇಟ್ ಬೇಕು. ಆರ್ಸೆನಿಕ್ ನಿಧಾನವಾಗಿ ಕೆಲಸ ಮಾಡುವ ವಿಷ. 24 ಗಂಟೆಯಲ್ಲಿ ಏನೂ ಆಗದಂತೆ ಕಂಡ ಡೋಸ್ 72ರಲ್ಲಿ ಅರ್ಧ ಕೋಶಗಳನ್ನು ತೆಗೆದಿರುವುದುಂಟು.

ಎಂಟಿಟಿ ಓದು

ಎಂಟಿಟಿಯನ್ನು ಪಿಬಿಎಸ್‌ನಲ್ಲಿ ಮಿ.ಲೀ.ಗೆ 5 ಮಿ.ಗ್ರಾಂ. ಕರಗಿಸಿ, ಸೋಸಿ, ಕತ್ತಲಲ್ಲಿಡಿ. ದ್ರಾವಣ ಹಳದಿ ಬಿಟ್ಟು ಹಸಿರಿಗೆ ತಿರುಗಿದ್ದರೆ ಎಸೆಯಿರಿ. 200 ಮೈಕ್ರೋಲೀಟರ್ ಇರುವ ವೆಲ್‌ಗೆ 20 ಹಾಕಿ, 3ರಿಂದ 4 ಗಂಟೆ ಇನ್‌ಕ್ಯುಬೇಟರಿನಲ್ಲಿಡಿ. ಸೂಕ್ಷ್ಮದರ್ಶಕದಲ್ಲಿ ನೋಡಿ: ಬದುಕಿರುವ ಕೋಶಗಳ ಒಳಗೂ ಮೇಲೂ ನೇರಳೆ ಸೂಜಿಗಳು ಮೂಡಿರುತ್ತವೆ, ಸತ್ತವು ಮಸುಕು ಉಂಡೆಗಳಾಗಿರುತ್ತವೆ. ಅಂಟಿದ ಕೋಶಗಳಾದರೆ ಮೀಡಿಯಂ ಮೆಲ್ಲಗೆ ತೆಗೆದು ಡಿಎಂಎಸ್‌ಒ 100 ಮೈಕ್ರೋಲೀಟರ್ ಹಾಕಿ, 10 ನಿಮಿಷ ಅಲುಗಾಡಿಸಿ, 570 ನ್ಯಾನೋಮೀಟರ್‌ನಲ್ಲಿ ಓದಿ. 690ರ ಓದನ್ನು ಕಳೆಯಿರಿ. ತೇಲುವ ಕೋಶಗಳಲ್ಲಿ ಮೀಡಿಯಂ ಹೀರಲು ಹೋದರೆ ಕೋಶಗಳೂ ಸೂಜಿಗಳೂ ಜೊತೆಗೇ ಹೋಗುತ್ತವೆ. ಅಲ್ಲಿ ಏನನ್ನೂ ತೆಗೆಯದೆ, 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ 10 ಶೇಕಡಾ ಎಸ್‌ಡಿಎಸ್ 100 ಮೈಕ್ರೋಲೀಟರ್ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಬಿಡುವುದೇ ಸರಿ. ಗುಳ್ಳೆಗಳಿದ್ದರೆ ಸೂಜಿಯಿಂದ ಒಡೆದು ಓದಿ.

ವೆಹಿಕಲ್ ವೆಲ್‌ಗಳ ಓದು 0.7ರಿಂದ 1.2ರೊಳಗೆ ಬಂದರೆ ಒಳ್ಳೆಯದು. 2 ದಾಟಿದರೆ ಕೋಶಗಳು ಕಿಕ್ಕಿರಿದಿವೆ ಎಂದರ್ಥ. ಅರ್ಧ ಸತ್ತರೂ ಓದು ಅರ್ಧಕ್ಕಿಳಿಯುವುದಿಲ್ಲ.

ಲೆಕ್ಕ ಸರಳ. ಡೋಸ್‌ನ ಓದಿನಿಂದ ಬ್ಲಾಂಕ್ ಕಳೆಯಿರಿ, ವೆಹಿಕಲ್‌ನಿಂದಲೂ ಬ್ಲಾಂಕ್ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. ಬ್ಲಾಂಕ್ 0.06, ವೆಹಿಕಲ್ 0.96, ಡೋಸ್ 0.42 ಇದ್ದರೆ 0.36 ಭಾಗಿಸು 0.90, ಅಂದರೆ 40 ಶೇಕಡಾ. ಡೋಸ್ ಅನ್ನು ಲಾಗ್ ಅಳತೆಯಲ್ಲಿಟ್ಟು ನಾಲ್ಕು ನಿಯತಾಂಕಗಳ ಲಾಜಿಸ್ಟಿಕ್ ವಕ್ರರೇಖೆ ಹೊಂದಿಸಿ ಐಸಿ50 ತೆಗೆಯಿರಿ. ಒಂದು ಪ್ಲೇಟಿನ ಆರು ವೆಲ್ ಆರು ಪ್ರಯೋಗಗಳಲ್ಲ, ಒಂದೇ. ಬೇರೆ ದಿನ, ಬೇರೆ ಪ್ಯಾಸೇಜ್‌ನ ಕೋಶಗಳಲ್ಲಿ ಕನಿಷ್ಠ ಮೂರು ಬಾರಿ ಮಾಡಿದಾಗ ಎನ್ ಮೂರು ಎಂದು ಬರೆಯಬಹುದು.

ಬಂದ ಅಂಕಿಯನ್ನು ಎರಡು ಗುರುತುಗಳ ಪಕ್ಕ ಇಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಸುಮಾರು 0.13 ಮೈಕ್ರೋಮೋಲಾರ್ ಆರ್ಸೆನಿಕ್. ದಿನಕ್ಕೆ ಕೆ.ಜಿ.ಗೆ 0.15 ಮಿ.ಗ್ರಾಂ.ನಂಥ ಚಿಕಿತ್ಸಾ ಪ್ರಮಾಣದಲ್ಲಿ ರೋಗಿಯ ಪ್ಲಾಸ್ಮಾದಲ್ಲಿ ವರದಿಯಾದ ಗರಿಷ್ಠ ಮಟ್ಟ 5ರಿಂದ 7 ಮೈಕ್ರೋಮೋಲಾರ್, ಅದೂ ಸ್ವಲ್ಪ ಹೊತ್ತು ಮಾತ್ರ. 50 ಮೈಕ್ರೋಮೋಲಾರ್‌ನಲ್ಲಿ ಕೋಶ ಸತ್ತದ್ದನ್ನು ಚಿಕಿತ್ಸೆಯ ಭರವಸೆ ಎಂದು ಬರೆದರೆ, ಯಾರೋ ಒಬ್ಬ ರೋಗಿ ಅದನ್ನು ಓದಿ ನಂಬುತ್ತಾನೆ. ದಯವಿಟ್ಟು ಹಾಗೆ ಬರೆಯಬೇಡಿ. ಮೇಲ್ವಿಚಾರಣೆಯಲ್ಲಿ ಕೊಡುವಾಗಲೂ ಹೃದಯದ ಕ್ಯೂಟಿ ಅಂತರ ಉದ್ದವಾಗುತ್ತದೆಯೇ ಎಂದು ಇಸಿಜಿಯಲ್ಲಿ ಕಾಯುತ್ತಾ ಕೊಡುವ ಮದ್ದು ಅದು.

ಸತ್ತವೇ, ಬೆಳೆಯುವುದನ್ನು ನಿಲ್ಲಿಸಿದವೇ

ಎಂಟಿಟಿ ಅಳೆಯುವುದು ಕೋಶದ ಅಪಕರ್ಷಣ ಶಕ್ತಿಯನ್ನು, ಸಾವನ್ನಲ್ಲ. ಓದು ಅರ್ಧವಾಗಿದ್ದರೆ ಅರ್ಧ ಕೋಶ ಸತ್ತಿರಬಹುದು, ಇಲ್ಲವೇ ಎಲ್ಲವೂ ಬದುಕಿದ್ದು ವಿಭಜನೆ ನಿಂತಿರಬಹುದು. ಅದಕ್ಕೇ ಟ್ರಿಪಾನ್ ಬ್ಲೂ ಎಣಿಕೆ ಬೇಕು: 0.4 ಶೇಕಡಾ ಬಣ್ಣ, ಅಷ್ಟೇ ಕೋಶದ್ರವ, ಹೀಮೋಸೈಟೋಮೀಟರಿನಲ್ಲಿ 5 ನಿಮಿಷದೊಳಗೆ ಎಣಿಸಿ. ತಡವಾದರೆ ಬದುಕಿರುವವೂ ನೀಲಿಯಾಗತೊಡಗುತ್ತವೆ.

ಸಾವಿನ ಬಗೆ ತಿಳಿಯಲು ಅನೆಕ್ಸಿನ್ ವಿ ಮತ್ತು ಪ್ರೊಪಿಡಿಯಂ ಅಯೊಡೈಡ್. ಎರಡು ಬಾರಿ ತಣ್ಣನೆ ಪಿಬಿಎಸ್‌ನಲ್ಲಿ ತೊಳೆದು, 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಬಫರಿನಲ್ಲಿ ಮಿ.ಲೀ.ಗೆ 10 ಲಕ್ಷ ಕೋಶ ಮಾಡಿ. 100 ಮೈಕ್ರೋಲೀಟರಿಗೆ ಎರಡೂ ಬಣ್ಣ 5 ಮೈಕ್ರೋಲೀಟರಿನಂತೆ ಹಾಕಿ, 15 ನಿಮಿಷ ಕತ್ತಲಲ್ಲಿಟ್ಟು, 400 ಮೈಕ್ರೋಲೀಟರ್ ಬಫರ್ ಸೇರಿಸಿ, ಒಂದು ಗಂಟೆಯೊಳಗೆ ಫ್ಲೋ ಸೈಟೋಮೀಟರಿನಲ್ಲಿ ಓದಿ. ಅನೆಕ್ಸಿನ್ ಮಾತ್ರ ಹಿಡಿದವು ಅಪೊಪ್ಟೋಸಿಸ್‌ನ, ಅಂದರೆ ಕೋಶ ತಾನೇ ನಡೆಸುವ ಕ್ರಮಬದ್ಧ ಸಾವಿನ, ಆರಂಭದಲ್ಲಿವೆ, ಎರಡೂ ಹಿಡಿದವು ಪೊರೆ ಹರಿದುಕೊಂಡಿವೆ. ಬಣ್ಣವಿಲ್ಲದ ಒಂದು, ಒಂದೊಂದೇ ಬಣ್ಣದ ಎರಡು ಟ್ಯೂಬ್ ಇಲ್ಲದೆ ಬಣ್ಣಗಳ ಸೋರಿಕೆ ಸರಿಪಡಿಸಲಾಗದು. ಇಲ್ಲಿ ಹೆಚ್ಚಾಗಿ ಕೈಕೊಡುವುದು ಎರಡು. ಟ್ರಿಪ್ಸಿನ್ ಜೊತೆಗಿರುವ ಇಡಿಟಿಎ ಪೂರ್ತಿ ತೊಳೆಯದೆ ಉಳಿದರೆ ಕ್ಯಾಲ್ಸಿಯಂ ಕಸಿದುಕೊಂಡು ಅನೆಕ್ಸಿನ್ ಅಂಟದಂತೆ ಮಾಡುತ್ತದೆ. ಇನ್ನೊಂದು, ಮೇಲೆ ತೇಲುತ್ತಿದ್ದ ಕೋಶಗಳನ್ನು ಮೀಡಿಯಂ ಜೊತೆ ಚೆಲ್ಲಿಬಿಡುವುದು. ಸತ್ತು ಕಳಚಿಬಿದ್ದವು ಅವೇ ಆಗಿರುತ್ತವೆ.

6, 12, 24 ಗಂಟೆಗಳಲ್ಲಿ ನೋಡಿ. 48ರಲ್ಲಿ ಮಾತ್ರ ನೋಡಿದರೆ ಆರಂಭದ ಹಂತ ದಾಟಿಹೋಗಿ ಎಲ್ಲವೂ ನೆಕ್ರೋಸಿಸ್‌ನಂತೆ, ಅಂದರೆ ಪೊರೆ ಒಡೆದ ಸಾವಿನಂತೆ, ಕಾಣುತ್ತವೆ. ವೆಸ್ಟರ್ನ್ ಬ್ಲಾಟ್‌ನಲ್ಲಿ 116 ಕಿಲೋಡಾಲ್ಟನ್‌ನ ಪಾರ್ಪ್ ಪ್ರೋಟೀನ್ ಕತ್ತರಿಸಿ 89ರ ತುಂಡು ಬಂದರೆ ಅಪೊಪ್ಟೋಸಿಸ್ ನಡೆಸುವ ಕ್ಯಾಸ್ಪೇಸ್ ಕಿಣ್ವ ಕೆಲಸ ಮಾಡಿದೆ. ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿ ಏಣಿಯ ಮೆಟ್ಟಿಲು ಹುಡುಕುವವರು ಸ್ತನ ಕ್ಯಾನ್ಸರಿನ ಎಂಸಿಎಫ್-7ರಲ್ಲಿ ಹುಡುಕಬೇಡಿ: ಅದರ ಕ್ಯಾಸ್ಪೇಸ್-3 ಜೀನ್ 47 ಬೇಸ್‌ಜೋಡಿ ಕಳೆದುಕೊಂಡು ಕೆಟ್ಟಿದೆ. ಏಣಿ ಕಾಣದಿರುವುದು ಕೋಶ ಸತ್ತಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಗ್ಲುಟಾಥಯೋನ್ ಎಂಬ ಕಾವಲು

ತ್ರಿವೇಲನ್ಸಿ ಆರ್ಸೆನಿಕ್‌ಗೆ ಗಂಧಕದ ಮೇಲೆ ಮೋಹ. ಥಯೋರೆಡಾಕ್ಸಿನ್ ರಿಡಕ್ಟೇಸ್‌ನಂಥ ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತದೆ, ಗ್ಲುಟಾಥಯೋನ್ ಖಾಲಿ ಮಾಡುತ್ತದೆ, ಮೈಟೋಕಾಂಡ್ರಿಯಾದ ಪೊರೆಯ ವಿಭವ ಕುಸಿದು ಸೈಟೋಕ್ರೋಮ್ ಸಿ ಹೊರಬೀಳುತ್ತದೆ. ಕೋಶ ಗ್ಲುಟಾಥಯೋನ್‌ಗೆ ಆರ್ಸೆನಿಕ್ ಕಟ್ಟಿ ಎಂಆರ್‌ಪಿ ಪಂಪುಗಳಿಂದ ಹೊರದಬ್ಬಲು ನೋಡುತ್ತದೆ. ಗ್ಲುಟಾಥಯೋನ್ ಹೇರಳವಾಗಿರುವ ಕೋಶ ತಾಳಿಕೊಳ್ಳುತ್ತದೆ, ಬಡವಾಗಿರುವುದು ಬೇಗ ಬೀಳುತ್ತದೆ.

ಇದನ್ನು ಪರೀಕ್ಷಿಸಲು ಹಿಂದಿನ ರಾತ್ರಿ ಬ್ಯುಥಿಯೋನಿನ್ ಸಲ್ಫಾಕ್ಸಿಮಿನ್ 50ರಿಂದ 100 ಮೈಕ್ರೋಮೋಲಾರ್ ಕೊಟ್ಟು ಗ್ಲುಟಾಥಯೋನ್ ತಯಾರಿಕೆ ನಿಲ್ಲಿಸಿ, ಐಸಿ50 ಕೆಳಗಿಳಿಯಬೇಕು. ಎದುರು ದಿಕ್ಕಿಗೆ, ಆರ್ಸೆನಿಕ್‌ಗಿಂತ ಎರಡು ಗಂಟೆ ಮೊದಲು ಎನ್-ಅಸಿಟೈಲ್ ಸಿಸ್ಟೀನ್ 5 ಮಿಲಿಮೋಲಾರ್ ಕೊಡಿ. ಅದು ಹುಳಿ, ಪಿಎಚ್ 7.4ಕ್ಕೆ ತಂದೇ ಹಾಕಿ. ಕೋಶ ಬದುಕಿದರೆ "ಆಮ್ಲಜನಕದ ಉಗ್ರ ಅಣುಗಳೇ ಕಾರಣ" ಎಂದು ತೀರ್ಮಾನಿಸುವುದು ಅವಸರ, ಏಕೆಂದರೆ ಅದರ ಥಯೋಲ್ ಮೀಡಿಯಂನಲ್ಲೇ ಆರ್ಸೆನಿಕ್ ಹಿಡಿದು ಒಳಗೆ ಹೋಗದಂತೆ ಮಾಡಿರಬಹುದು. ಔಷಧಕ್ಕೆ ಮೊದಲು ಅದನ್ನು ತೊಳೆದು ತೆಗೆದ ಒಂದು ಸಾಲನ್ನೂ ಇಡಿ. ಇನ್ನೊಂದು ಎಚ್ಚರ: ಥಯೋಲ್‌ಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಈ ಪ್ರಯೋಗದ ಫಲಿತಾಂಶವನ್ನು ಟ್ರಿಪಾನ್ ಬ್ಲೂ ಅಥವಾ ಅನೆಕ್ಸಿನ್‌ನಿಂದಲೇ ಓದಿ.

ಉಗ್ರ ಅಣುಗಳನ್ನೇ ಅಳೆಯಬೇಕೆಂದರೆ ಡಿಸಿಎಫ್‌ಎಚ್-ಡಿಎ ಎಂಬ ಬಣ್ಣ 10 ಮೈಕ್ರೋಮೋಲಾರ್, ಸೀರಮ್ ಇಲ್ಲದ ದ್ರವದಲ್ಲಿ 30 ನಿಮಿಷ. 485ರಲ್ಲಿ ಬೆಳಗಿಸಿ 530ರಲ್ಲಿ ಓದಿ. ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟ ಒಂದು ಸಾಲು ಇರಲಿ. ಕೊಠಡಿಯ ಬೆಳಕೇ ಈ ಬಣ್ಣವನ್ನು ಹೊಳೆಯಿಸುವುದರಿಂದ ಪ್ಲೇಟನ್ನು ಹಾಳೆಯಲ್ಲಿ ಸುತ್ತಿಡಿ.

ಉಳಿದದ್ದನ್ನು ಏನು ಮಾಡುವುದು

ಆರ್ಸೆನಿಕ್ ಧಾತು. ಕುದಿಸಿದರೂ ಬ್ಲೀಚ್ ಹಾಕಿದರೂ ಇಲ್ಲವಾಗುವುದಿಲ್ಲ. ಬ್ಲೀಚ್‌ನಿಂದ ಆರ್ಸೆನೈಟ್ ಆರ್ಸೆನೇಟ್ ಆದೀತು, ಅಷ್ಟೇ. ಔಷಧ ಹಾಕಿದ ಮೀಡಿಯಂ, ಮೊದಲ ತೊಳೆದ ನೀರು, ಟಿಪ್, ಪ್ಲೇಟ್, ಕೈಗವಸು ಯಾವುದನ್ನೂ ಸಿಂಕಿಗಾಗಲಿ ಆಟೋಕ್ಲೇವಿಗಾಗಲಿ ಹಾಕಬೇಡಿ. ಕೋಶವಿರುವ ದ್ರವವನ್ನು ಬ್ಲೀಚ್‌ನಿಂದ ಸೋಂಕುರಹಿತ ಮಾಡಿ, ನಂತರ "ಆರ್ಸೆನಿಕ್, ದ್ರವ" ಎಂದು ದಿನಾಂಕ ಸಹಿತ ಬರೆದ ಗಟ್ಟಿ ಮುಚ್ಚಳದ ಡಬ್ಬಿಗೆ ಸುರಿಯಿರಿ. ಡಿಎಂಎಸ್‌ಒ ಅಥವಾ ಎಸ್‌ಡಿಎಸ್-ಆಮ್ಲ ಹಾಕಿದ ಪ್ಲೇಟುಗಳಿಗೆ ಮಾತ್ರ ಬ್ಲೀಚ್ ತಾಗಿಸಬಾರದು: ಒಂದರಲ್ಲಿ ಬಿಸಿಯೇರುವ ಕ್ರಿಯೆ, ಇನ್ನೊಂದರಲ್ಲಿ ಕ್ಲೋರಿನ್ ಅನಿಲ. ಅವುಗಳನ್ನು ಹಾಗೆಯೇ ಮುಚ್ಚಿ, ಬೇರೆ ಡಬ್ಬಿಯಲ್ಲಿ, ಅಪಾಯಕಾರಿ ರಾಸಾಯನಿಕ ಕಸ ಒಯ್ಯುವವರಿಗೆ ಕೊಡಿ. ಎಷ್ಟು ಮಿ.ಗ್ರಾಂ. ಪುಡಿ ತೆಗೆದಿರಿ, ಎಷ್ಟು ಸ್ಟಾಕ್ ಉಳಿದಿದೆ, ಎಷ್ಟು ಕಸಕ್ಕೆ ಹೋಯಿತು ಎಂದು ಪುಸ್ತಕದಲ್ಲಿ ಬರೆದು, ಬಾಟಲಿಯನ್ನು ಬೀಗ ಹಾಕಿದ ಕಪಾಟಿಗೆ ಹಿಂದಿರುಗಿಸಿ.